ವಿಳಾಸದಾರರು ಇಲ್ಲಿಲ್ಲ

ಮೂವತ್ತೊಂದು ವರ್ಷ
ಮಿನ್ನೆಸೋಟದ ಒಂದು ಅಂಚೆಮನೆಯಲ್ಲಿ ನಿಂತು
ಪರರ ಬೀದಿ, ಪರರ ಬಾಗಿಲ ಸಂಖ್ಯೆ
ನಿದ್ದೆಗಣ್ಣಲ್ಲೂ ವಿಂಗಡಿಸಿದವಳು ನಾನು.
ಮನೆ ಮಾರಿದ ಮಾರನೆಯ ಬೆಳಗ್ಗೆ
ನನ್ನ ಹೆಸರ ಮೇಲೆ ನಾನೇ ಒತ್ತಿಕೊಂಡೆ, ಮನಸಿನಲ್ಲೇ,
ಆ ಹಳೆಯ ನೇರಳೆ ಮುದ್ರೆ:
ವಿಳಾಸದಾರರು ಇಲ್ಲಿಲ್ಲ.

ಈಗ ನಮ್ಮ ಊರು ಇಪ್ಪತ್ತೆಂಟು ಅಡಿ ಉದ್ದ.
ಚಕ್ರ ಆರು, ಕಿಟಕಿ ಒಂಬತ್ತು, ಬಾಗಿಲು ಒಂದೇ.
ಹಾಸಿಗೆ ಇದ್ದಷ್ಟೇ ಕಾಲು ಚಾಚು ಎಂಬುದು
ಇಲ್ಲಿ ಗಾದೆಯಲ್ಲ, ಅಳತೆ.
ಆರಡಿ ಎರಡಂಗುಲದ ಡ್ವೇನ್
ರಾತ್ರಿಯಿಡೀ ಪ್ರಶ್ನಾರ್ಥಕ ಚಿಹ್ನೆಯಂತೆ ಮಲಗಿ
ಬೆಳಗ್ಗೆ ಉತ್ತರ ಸಿಗದೆ ಏಳುತ್ತಾನೆ.

ಮೊದಲ ತಿಂಗಳು ಜಗಳವೆಲ್ಲ
ಹಿಂದಕ್ಕೆ ಹೋಗುವುದರ ಬಗ್ಗೆಯೇ.
ಅವನು ಸ್ಟೀರಿಂಗಿನಲ್ಲಿ, ನಾನು ಹಿಂದೆ ನಿಂತು ಕೈಬೀಸುತ್ತ.
"ಎಡಕ್ಕೆ!"
"ಯಾರ ಎಡಕ್ಕೆ?"
ನಲವತ್ತಮೂರು ವರ್ಷ ಇತ್ಯರ್ಥವಾಗದ ಈ ಮಾತು
ವೈಯೋಮಿಂಗಿನ ಪೈನ್ ಮರವೊಂದಕ್ಕೆ ಗುದ್ದಿ
ದೀಪ ಒಡೆದ ಸಂಜೆ ಬಗೆಹರಿಯಿತು.
ಅಂದಿನಿಂದ ಎಡಬಲಗಳಿಲ್ಲ.
ನಿನ್ನ ಕಡೆ, ಮರದ ಕಡೆ, ಅಷ್ಟೆ.

ವಾರಕ್ಕೊಮ್ಮೆ ಕೊಳಚೆ ತೊಟ್ಟಿ ಖಾಲಿ ಮಾಡುವ ಸರದಿ.
ಕವಾಟ ಅವನದು, ಕೊಳವೆ ನನ್ನದು,
ಮೂಗು ಇಬ್ಬರದೂ ಆಕಾಶಕ್ಕೆ.
ಮದುವೆಯ ದಿನ ಪಾದ್ರಿ ಓದಿದ ಪಟ್ಟಿಯಲ್ಲಿ
ರೋಗವಿತ್ತು, ಬಡತನವಿತ್ತು,
ಇದು ಇರಲಿಲ್ಲ.

ಜನವರಿಗೆ ಅರಿಜೋನಾದ ಮರುಭೂಮಿ.
ಬೇರಿಲ್ಲದ ಮನೆಗಳು ಕಣ್ಣು ಹಾಯುವಷ್ಟು ದೂರ.
ಪಕ್ಕದಲ್ಲಿ ನೆಬ್ರಾಸ್ಕಾದ ಆರ್ಡಿತ್,
ಎಪ್ಪತ್ತೆಂಟು, ಒಬ್ಬಳೇ,
ಸಂಜೆಯಾದರೆ ತಪ್ಪದೆ ಎರಡು ಕುರ್ಚಿ ಬಿಚ್ಚಿಡುವಳು.
ಹತ್ತು ದಿನ ನೋಡಿ ನೋಡಿ ನನಗೆ ಗಂಟಲು ಕಟ್ಟಿತು.
ಕಡೆಗೊಮ್ಮೆ ಮೆತ್ತಗೆ ಕೇಳಿದೆ,
ಖಾಲಿ ಕುರ್ಚಿ ಯಾರಿಗೆ ಎಂದು.
"ಕಾಲಿಗೆ," ಎಂದಳು, ಚಪ್ಪಲಿ ಕಳಚುತ್ತ.
"ಗಂಡನೇ? ಅವನಿಗೆ ಗ್ಯಾರೇಜಿನಾಚೆ ಜಗತ್ತೇ ಇರಲಿಲ್ಲ."
ಒಂದು ಮುಂಜಾನೆ ಹೇಳದೆ ಹೊರಟುಹೋದಳು.
ಅವಳ ಚಾಪೆಯಿದ್ದ ಕಡೆ
ಕಲ್ಲುಪುಡಿಯ ಮೇಲೆ ಚೌಕದ ಗುರುತು
ಎರಡು ದಿನ ಉಳಿಯಿತು. ಆಮೇಲೆ ಗಾಳಿ.

ಕಾಗದ ಪತ್ರ ತಿಂಗಳಿಗೊಮ್ಮೆ,
ನಾವು ಆ ವಾರ ಇರಬಹುದಾದ ಯಾವುದೋ ಪೇಟೆಗೆ.
ನ್ಯೂ ಮೆಕ್ಸಿಕೋದ ಪುಟ್ಟ ಅಂಚೆಮನೆಯಲ್ಲಿ
ಕಟಕಟೆಯ ಈಚೆ ನಿಂತೆ, ಜನ್ಮದಲ್ಲಿ ಮೊದಲ ಸಲ.
ಆಚೆ ಒಬ್ಬ ಎಳೆಯ ಹುಡುಗ
ಲಕೋಟೆಗಳನ್ನು ಒಂದೊಂದಾಗಿ, ಒಂದೊಂದಾಗಿ...
ನನ್ನ ಹತ್ತೂ ಬೆರಳು ತುರಿಸಿದವು.
ಸುಮ್ಮನಿದ್ದೆ. ಸುಮ್ಮನಿರುವುದನ್ನು
ಯಾರಾದರೂ ಗಮನಿಸಲಿ ಎಂಬ ಆಸೆಯಿಂದ
ಡ್ವೇನ್‌ನ ಕಡೆ ತಿರುಗಿದೆ.
ಅವನು ಗೋಡೆಯ ನಕ್ಷೆಯಲ್ಲಿ ಮುಳುಗಿದ್ದ.

ಕಟ್ಟಿನಲ್ಲಿ ಬಂದದ್ದು:
ಕಿವಿಯಂತ್ರದ ಜಾಹೀರಾತು, ತಂಗಿಯ ಕಾರ್ಡು,
ಮತ್ತು ಬೀಜದ ಪಟ್ಟಿ,
ಮಣ್ಣು ನನ್ನದಲ್ಲವೆಂದು ತಿಳಿಯದೆ.
ರಾತ್ರಿ ದೀಪ ಹಚ್ಚಿ ಓದಿದೆ
ಟೊಮೆಟೊದ ಹದಿನೇಳು ಜಾತಿ.
ಕೊಂಡದ್ದು ಒಂದೇ, ಸಬ್ಬಸಿಗೆ.
ಕುಂಡ ಈಗ ಸಿಂಕಿನಲ್ಲಿ ಪ್ರಯಾಣ ಮಾಡುತ್ತದೆ,
ಪ್ರತಿ ತಿರುವಿಗೂ ತಲೆಬಾಗಿ,
ಬ್ರೇಕು ಹಾಕಿದಾಗ ಸ್ವಲ್ಪ ಹೆಚ್ಚೇ.

ಜೂನಿನಲ್ಲಿ ಹಲ್ಲುನೋವು ನಮ್ಮನ್ನು
ಹುಟ್ಟಿದೂರಿಗೆ ಎಳೆದು ತಂದಿತು.
ಹಳೆಯ ಬೀದಿಯಲ್ಲಿ ಮೆಲ್ಲಗೆ ಹಾದೆವು.
ಅಂಚೆಪೆಟ್ಟಿಗೆಗೆ ಹಳದಿ ಬಣ್ಣ ಬಳಿದಿದ್ದಾರೆ.
"ದೋಣಿ ಇನ್ನೂ ಜೋತಿದೆ," ಎಂದ ಡ್ವೇನ್,
ಸೂರಿನತ್ತ ಗದ್ದವೆತ್ತಿ.
ನಿಲ್ಲಿಸು ಎಂದು ನಾನೂ ಹೇಳಲಿಲ್ಲ.

ದಂತವೈದ್ಯರ ಮೇಜಿನ ಹುಡುಗಿ ಅರ್ಜಿ ಕೊಟ್ಟಳು.
ಹೆಸರು ಬರೆದೆ. ಹುಟ್ಟಿದ ದಿನ ಬರೆದೆ.
ಮೂರನೆಯ ಗೆರೆಗೆ ಬಂದಾಗ
ಪೆನ್ನು ತಂತಾನೇ ಹಳೆಯ ಸಂಖ್ಯೆಯ
ಮೊದಲ ಅಂಕೆ ಬರೆದು ನಿಂತಿತು.
ಹೊಡೆದು ಹಾಕಿದೆ.
ಕಿಟಕಿಯಾಚೆ, ಎರಡು ಕಾರುಗಳ ಜಾಗದಲ್ಲಿ ಅಡ್ಡಡ್ಡ,
ನಮ್ಮ ಇಪ್ಪತ್ತೆಂಟು ಅಡಿ.
ಒಳಗೆ ಸಿಂಕಿನಲ್ಲಿ
ಸಬ್ಬಸಿಗೆ ಬಿಸಿಲಿನತ್ತ ಹೊರಳುತ್ತಿರಬೇಕು,
ಅದು ಯಾವ ಊರಿನ ಬಿಸಿಲೋ ಕೇಳದೆ.